ಶಾಲಾ ವಾರ್ಷಿಕ ಸಂಚಿಕೆಯ ಸಮಿತಿಗೆ ಸೇರುವವರಿಗೆ: ಪದೇ ಪದೇ ಕೇಳುವ ಪ್ರಶ್ನೆಗಳು

ಮಂಗಳೂರಿನ ಒಂದು ಹೈಸ್ಕೂಲಿನಲ್ಲಿ ಎಂಟು, ಒಂಬತ್ತು, ಹತ್ತು, ಮೂರೂ ವರ್ಷ ನಾನು ಸಂಚಿಕೆ ಸಮಿತಿಯಲ್ಲಿದ್ದೆ. ಮೊದಲ ವರ್ಷ ತರಗತಿ ತರಗತಿಗೆ ಹೋಗಿ ಬರಹ ಕೇಳುವವಳು, ಕೊನೆಯ ವರ್ಷ ವಿದ್ಯಾರ್ಥಿ ಸಂಪಾದಕಿ. ಶಾಲೆ ಬಿಟ್ಟು ಎರಡು ವರ್ಷ ಆಯಿತು, ಆದರೂ ಪ್ರತಿ ಜೂನ್‌ನಲ್ಲಿ ಜೂನಿಯರ್‌ಗಳ ಫೋನು ಬರುತ್ತದೆ: "ಅಕ್ಕಾ, ಒಂದು ಡೌಟ್ ಉಂಟು". ಡೌಟ್ ಪ್ರತಿ ವರ್ಷ ಅದೇ. ಹಾಗಾಗಿ ಎಲ್ಲವನ್ನೂ ಒಟ್ಟಿಗೆ ಬರೆದಿಟ್ಟಿದ್ದೇನೆ.

ನನಗೆ ಕಥೆ, ಕವನ ಬರೆಯಲಿಕ್ಕೆ ಬರುವುದಿಲ್ಲ. ಸೇರಬಹುದಾ?

ಸೇರಿ. ಬರೆಯುವವರು ಬೇಕಾದಷ್ಟು ಸಿಗುತ್ತಾರೆ, ಹುಡುಕಿ ತರುವವರು ಸಿಗುವುದಿಲ್ಲ. ನಮ್ಮ ಸಮಿತಿಯಲ್ಲಿ ಅತಿ ಹೆಚ್ಚು ಕೆಲಸ ಮಾಡಿದ ಹುಡುಗ ಮೂರು ವರ್ಷದಲ್ಲಿ ಒಂದು ಸಾಲನ್ನೂ ಬರೆದವನಲ್ಲ. ಆದರೆ ಯಾವ ತರಗತಿಯ ಪಟ್ಟಿ ಬಂದಿಲ್ಲ, ಯಾವ ಫೋಟೋ ಯಾರ ಫೋನಿನಲ್ಲಿದೆ, ಪಿಟಿ ಸರ್ ಯಾವ ಪಿರಿಯಡ್‌ನಲ್ಲಿ ಬಿಡುವಾಗಿರುತ್ತಾರೆ, ಎಲ್ಲ ಅವನ ತಲೆಯಲ್ಲಿತ್ತು.

ಹಾಗಾದರೆ ಕೆಲಸ ಎಂತದ್ದು?

ಬರಹ ಸಂಗ್ರಹಿಸುವುದು, ಟೈಪ್ ಮಾಡುವುದು, ಫೋಟೋ ಒಟ್ಟು ಮಾಡುವುದು, ಫೋಟೋದ ಕೆಳಗಿನ ಹೆಸರು ಬರೆಯುವುದು, ವರ್ಷದ ವರದಿಗೆ ಕಾರ್ಯಕ್ರಮಗಳ ತಾರೀಕು ಗುರುತು ಹಾಕಿಕೊಳ್ಳುವುದು, ಪ್ರೂಫ್ ನೋಡುವುದು, ಮತ್ತೆ ಪ್ರೂಫ್ ನೋಡುವುದು. "ಸಂಪಾದಕ" ಎಂಬ ಶಬ್ದ ಕೇಳಿ ಬಂದವರು ಆಗಸ್ಟ್‌ನಲ್ಲಿ ಅರ್ಧ ಜನ ಮಾಯವಾಗುತ್ತಾರೆ. ಉಳಿದವರೇ ಸಮಿತಿ.

ಯಾವಾಗ ಶುರು ಮಾಡಬೇಕು? ಸಂಚಿಕೆ ಬರುವುದು ಫೆಬ್ರವರಿಗಲ್ಲವಾ?

ಎಲ್ಲರೂ ತಪ್ಪುವುದು ಇಲ್ಲಿಯೇ. ಡಿಸೆಂಬರಿನ ವಾರ್ಷಿಕೋತ್ಸವ ಮುಗಿದ ಮೇಲೆ ಕೂತರೆ ಒಂದು ಕಡೆ ಎಸ್ಸೆಸ್ಸೆಲ್ಸಿಯ ಪೂರ್ವಸಿದ್ಧತಾ ಪರೀಕ್ಷೆ, ಇನ್ನೊಂದು ಕಡೆ ಪ್ರೆಸ್ಸಿನವರಿಗೆ ಉಸಿರಾಡಲಿಕ್ಕೆ ಸಮಯವಿಲ್ಲದ ಸೀಸನ್. ನಮ್ಮ ಜಿಲ್ಲೆಗಳಲ್ಲಿ ದೀಪಾವಳಿ ಕಳೆಯಿತೆಂದರೆ ಮದುವೆ, ನೇಮ, ಬ್ರಹ್ಮಕಲಶ, ಬಯಲಾಟ, ಎಲ್ಲದರ ಆಮಂತ್ರಣ ಪತ್ರಿಕೆಯೂ ಅದೇ ಪ್ರೆಸ್ಸುಗಳಲ್ಲಿ ಅಚ್ಚಾಗಬೇಕು. ಉಡುಪಿಯವರಾದರೆ ಇನ್ನೊಂದು ಲೆಕ್ಕ: ಸಮ ಸಂಖ್ಯೆಯ ವರ್ಷಗಳಲ್ಲಿ ಜನವರಿ 18ಕ್ಕೆ ಪರ್ಯಾಯ, ಅಂದರೆ ಕೃಷ್ಣಮಠದ ಪೂಜೆಯ ಹೊಣೆ ಒಂದು ಮಠದಿಂದ ಇನ್ನೊಂದಕ್ಕೆ ಹೋಗುವ ಉತ್ಸವ. ಆ ಹೊತ್ತಿಗೆ ನಿಮ್ಮ ಶಾಲೆಯ 80 ಪುಟ ಹಿಡಿದುಕೊಂಡು ಹೋದರೆ ಪ್ರೆಸ್ಸಿನವರು ನಗುತ್ತಾರೆ, ಅಷ್ಟೆ.

ಆಟಿ ತಿಂಗಳು, ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ, ಶುಭಕಾರ್ಯ ಇಲ್ಲ, ಆಮಂತ್ರಣವೂ ಇಲ್ಲ. ಪ್ರೆಸ್ಸಿನವರಿಗೆ ಮಾತಾಡಲಿಕ್ಕೆ ಪುರುಸೊತ್ತಿರುವುದು ಆಗ. ಟೀಚರ್ ಜೊತೆ ಹೋಗಿ ಕಾಗದ, ಗಾತ್ರ, ಬೈಂಡಿಂಗ್, ದರ ಎಲ್ಲ ಆಗಲೇ ಮಾತಾಡಿ. ಮೊದಲ ಸಭೆಯನ್ನು ನಾವು ಜುಲೈ 1ಕ್ಕೆ ಇಡುತ್ತಿದ್ದೆವು. ಅದು ಪತ್ರಿಕಾ ದಿನ. 1843ರ ಜುಲೈ 1ರಂದು ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ' ಹೊರಟದ್ದು ಇದೇ ಊರಿನಿಂದ, ಹರ್ಮನ್ ಮೋಗ್ಲಿಂಗ್ ಅವರ ಸಂಪಾದಕತ್ವದಲ್ಲಿ, ಬಾಸೆಲ್ ಮಿಶನ್ನಿನ ಕಲ್ಲಚ್ಚಿನಲ್ಲಿ. ಕಲ್ಲಿನ ಮೇಲೆ ಅಕ್ಷರ ಮೂಡಿಸಿ ಹದಿನೈದು ದಿನಕ್ಕೊಮ್ಮೆ ಪತ್ರಿಕೆ ತರುತ್ತಿದ್ದರು. ನಮಗೆ ಕಂಪ್ಯೂಟರ್ ಇದ್ದೂ ವರ್ಷಕ್ಕೊಂದು ತರಲಿಕ್ಕೆ ಕಷ್ಟ ಎಂದು ನಮ್ಮ ಕನ್ನಡ ಟೀಚರ್ ಪ್ರತಿ ಸಲ ಹೇಳುತ್ತಿದ್ದರು.

ನಮಗೆ ಸರಿಹೋದ ಕ್ರಮ ಇದು. ಬರಹಗಳೆಲ್ಲ ದಸರಾ ರಜೆಗೆ ಮುಂಚೆ ಬರಬೇಕು, ರಜೆಯಲ್ಲಿ ಟೈಪಿಂಗ್, ನವೆಂಬರಿನಲ್ಲಿ ಬರಹದ ಪುಟಗಳ ಪ್ರೂಫ್ ಮುಗಿಸಿ ಬದಿಗಿಡುವುದು. ಕ್ರೀಡಾಕೂಟ, ವಾರ್ಷಿಕೋತ್ಸವದ ಬಣ್ಣದ ಪುಟಗಳಷ್ಟೇ ಕೊನೆಗೆ ಉಳಿಯಬೇಕು.

ಬರಹ ಕೇಳಿದರೆ ಎಲ್ಲರೂ 'ಪರಿಸರ ಸಂರಕ್ಷಣೆ', 'ತಾಯಿಯ ಪ್ರೀತಿ' ಎಂದು ಎಲ್ಲಿಂದಲೋ ಕಾಪಿ ಮಾಡಿ ಕೊಡುತ್ತಾರೆ. ಏನು ಮಾಡುವುದು?

ತಪ್ಪು ಕೇಳುವವರದ್ದು. "ಏನಾದರೂ ಬರೆದು ಕೊಡಿ" ಎಂದರೆ ಏನಾದರೂ ಬರುತ್ತದೆ. ವಿಷಯವನ್ನು ಚಿಕ್ಕದು ಮಾಡಿ ಕೇಳಬೇಕು.

ನಾವು ಒಂಬತ್ತನೆಯಲ್ಲಿದ್ದಾಗ "ನಿಮ್ಮ ಮನೆಯಲ್ಲಿ ಅತಿ ಹಿರಿಯರು ಯಾರೋ, ಅವರ ಮೊದಲ ಸಂಬಳದ ಬಗ್ಗೆ ಕೇಳಿಕೊಂಡು ಬನ್ನಿ" ಎಂದು ಎಲ್ಲ ತರಗತಿಗೂ ಒಂದೇ ಪ್ರಶ್ನೆ ಕೊಟ್ಟೆವು. ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಹೊತ್ತ ಅಜ್ಜ ಬಂದರು, ಮುಂಬೈಯ ಹೋಟೆಲಿನಲ್ಲಿ ಟೇಬಲ್ ಒರೆಸಿದ ದೊಡ್ಡಪ್ಪ ಬಂದರು, ಬೀಡಿ ಕಟ್ಟಿದ ಅಜ್ಜಿಯಂದಿರು ಒಂಬತ್ತು ಜನ ಬಂದರು. ಬೀಡಿಗೆ ಮಜೂರಿ ಸಾವಿರದ ಲೆಕ್ಕದಲ್ಲಿ. ಒಬ್ಬ ಅಜ್ಜಿ ಮೊಮ್ಮಗಳಿಗೆ ಲೆಕ್ಕ ಹೇಳುತ್ತ ಹೇಳುತ್ತ ಎಲೆ ಕತ್ತರಿಸುವುದನ್ನು ಕೈಸನ್ನೆಯಲ್ಲೇ ತೋರಿಸಿದರಂತೆ. ಅದನ್ನು ಅವಳು ಹಾಗೆಯೇ ಬರೆದಿದ್ದಳು. ಏಳನೆಯ ಹುಡುಗಿ, ವ್ಯಾಕರಣ ತಪ್ಪು ಇಪ್ಪತ್ತು ಇತ್ತು. ಆ ವರ್ಷದ ಒಳ್ಳೆಯ ಬರಹ ಅದೇ.

ಹಂಚಿನ ಅಜ್ಜನ ಬರಹದ ಪಕ್ಕ ಒಂದು ಚಿಕ್ಕ ಚೌಕಟ್ಟು ಹಾಕಿ, ಬಾಸೆಲ್ ಮಿಶನ್ನಿನವರು ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ್ದು 1865ರಲ್ಲಿ ಎಂದು ಕೊಟ್ಟೆವು. ಇಂಥ ಚೌಕಟ್ಟು ತುಂಬಿಸಲಿಕ್ಕೆ ಇತಿಹಾಸದ ಸರ್ ಹತ್ತಿರ ಹೋಗಿ, ಅವರಿಗೂ ಖುಷಿಯಾಗುತ್ತದೆ.

ಮಲ್ಪೆ, ಬಂದರು, ಉಳ್ಳಾಲದ ಕಡೆಯ ಮಕ್ಕಳಿಗೆ ಒಂದು ಕಿವಿಮಾತು: ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಬೋಟಿಗೆ ಹೋಗುವ ಮಾವಂದಿರು ಮನೆಯಲ್ಲಿ ಕೂತು ಮಾತಿಗೆ ಸಿಗುವುದು ಆಗ ಮಾತ್ರ. ಆಗಸ್ಟಿನ ಮೇಲೆ ಹೋದರೆ "ನಾಳೆ ಬಾ" ಎನ್ನುತ್ತಾರೆ, ನಾಳೆ ಅವರಿರುವುದಿಲ್ಲ.

ಎಐ ಹತ್ತಿರ ಬರೆಸಿದ ಕವನ ಅಂತ ಹೇಗೆ ಗೊತ್ತಾಗುತ್ತದೆ?

ಕರೆದು ಕೇಳಿ: "ಈ ಕವನದಲ್ಲಿ ಬರುವ ನದಿ ಯಾವುದು?" ಸ್ವಂತ ಬರೆದವನು ನೇತ್ರಾವತಿಯೋ ಫಲ್ಗುಣಿಯೋ ಮನೆ ಹಿಂದಿನ ತೋಡೋ, ಏನಾದರೊಂದು ಹೇಳುತ್ತಾನೆ. ಬರೆಸಿದವನು ಸುಮ್ಮನೆ ನಿಲ್ಲುತ್ತಾನೆ. ಗದರಬೇಡಿ. "ಇದು ಬೇಡ, ನಿನ್ನ ತೋಡಿನ ಬಗ್ಗೆ ನಾಲ್ಕು ಸಾಲು ಕೊಡು" ಎನ್ನಿ. ಪುಸ್ತಕದಿಂದ ಇಳಿಸಿದ್ದಕ್ಕೂ ಇದೇ ಮದ್ದು. ಅಲ್ಲಿ ಕಾನೂನೂ ಉಂಟು: ಬರೆದವರು ತೀರಿಕೊಂಡು 60 ವರ್ಷ ಆಗುವ ತನಕ ನಮ್ಮಲ್ಲಿ ಹಕ್ಕುಸ್ವಾಮ್ಯ ಇರುತ್ತದೆ. ಹಳೆಯದಾದರೂ ಕವಿಯ ಹೆಸರು ಬಿಟ್ಟು ತನ್ನ ಹೆಸರು ಹಾಕಿಕೊಳ್ಳುವುದು ಕಳ್ಳತನವೇ.

ತುಳು, ಕೊಂಕಣಿ, ಬ್ಯಾರಿ ಬರಹಗಳನ್ನು ಹಾಕಬಹುದಾ?

ಹಾಕಲೇಬೇಕು ಎಂಬುದು ನನ್ನ ಹಟ. ಕನ್ನಡ, ಇಂಗ್ಲಿಷ್, ಹಿಂದಿ ವಿಭಾಗಕ್ಕೆ ಬರಹ ಕೊಡದ ಮಕ್ಕಳು ಮನೆಮಾತು ಎಂದ ಕೂಡಲೇ ಗಾದೆ, ಒಗಟು, ಅಜ್ಜಿಕಥೆ ಹಿಡಿದುಕೊಂಡು ಓಡಿ ಬರುತ್ತಾರೆ. ಮೂರನ್ನೂ ಕನ್ನಡ ಲಿಪಿಯಲ್ಲೇ ಬರೆಯಬಹುದು.

ಕಷ್ಟ ಇರುವುದು ತಿದ್ದುವಾಗ. ತುಳುವಿನಲ್ಲಿ "ಯಾನ್ ಬರ್ಪೆ", "ಆಯೆ ಬರ್ಪೆ" ಎರಡರಲ್ಲೂ ಕೊನೆಯ ಸ್ವರ ಬೇರೆ, ಕನ್ನಡ ಲಿಪಿಯಲ್ಲಿ ಎರಡೂ ಒಂದೇ. ಓದುವವರು ಸಂದರ್ಭ ನೋಡಿ ಹೇಳಿಕೊಳ್ಳುತ್ತಾರೆ. ಕನ್ನಡ ಮಾತ್ರ ಗೊತ್ತಿರುವವರು ಅದನ್ನು "ಸರಿ" ಮಾಡಲಿಕ್ಕೆ ಹೋದರೆ ಕೆಡುತ್ತದೆ. ಒಂದೊಂದು ಭಾಷೆಗೂ ಅದನ್ನು ಮನೆಯಲ್ಲಿ ಮಾತಾಡುವ ಒಬ್ಬ ದೊಡ್ಡವರಿಂದ ಗಟ್ಟಿಯಾಗಿ ಓದಿಸಿ ಕೇಳಿ. ನಮ್ಮ ಬ್ಯಾರಿ ಪುಟವನ್ನು ನೋಡಿಕೊಟ್ಟದ್ದು ಶಾಲಾ ವ್ಯಾನಿನ ಡ್ರೈವರ್ ಅಣ್ಣ. ಎರಡು ತಪ್ಪು ಹುಡುಕಿದರು, ಮೂರನೆಯ ಒಗಟಿಗೆ ಉತ್ತರವೇ ಬೇರೆ ಎಂದು ವಾದ ಮಾಡಿದರು.

ತುಳು ಲಿಪಿಯಲ್ಲೇ ತಲೆಬರಹ ಹಾಕುತ್ತೇವೆ ಎನ್ನುವವರೂ ಇದ್ದಾರೆ. 2024ರಲ್ಲಿ ಯುನಿಕೋಡಿನ (ಕಂಪ್ಯೂಟರು, ಫೋನುಗಳೆಲ್ಲ ಅಕ್ಷರ ಗುರುತಿಸುವ ಸಾಮಾನ್ಯ ಪದ್ಧತಿ) 16ನೇ ಆವೃತ್ತಿಗೆ ತುಳು-ತಿಗಳಾರಿ ಲಿಪಿ ಸೇರಿದೆ. ಆದರೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಅದಕ್ಕೆ ತಕ್ಕ ಫಾಂಟ್ ಇಲ್ಲದಿದ್ದರೆ ಬರೀ ಚೌಕ ಚೌಕ ಕಾಣುತ್ತದೆ. ಲಿಪಿ ಬಲ್ಲವರಿಂದ ಶಾಯಿಯಲ್ಲಿ ಬರೆಸಿ, ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕುವುದು ಸುಲಭ, ನೋಡಲಿಕ್ಕೂ ಚಂದ.

ನಾವು ಸರಿಯಾಗಿ ಟೈಪ್ ಮಾಡಿ ಕೊಟ್ಟರೂ ಪ್ರೆಸ್ಸಿನಲ್ಲಿ ಒತ್ತಕ್ಷರವೆಲ್ಲ ಹಾಳಾಗುವುದು ಯಾಕೆ?

ನೀವು ಫೋನಿನಲ್ಲಿ ಟೈಪ್ ಮಾಡುವುದು ಯುನಿಕೋಡ್. ಕಂಪ್ಯೂಟರಿನಲ್ಲಿ ಪುಟ ಜೋಡಿಸುವ ಹಳೆಯ ಡಿಟಿಪಿಯವರು ಪೇಜ್‌ಮೇಕರ್ ಇಟ್ಟುಕೊಂಡಿದ್ದರೆ ಅದಕ್ಕೆ ಯುನಿಕೋಡ್ ತಿಳಿಯುವುದಿಲ್ಲ, 'ನುಡಿ' ಅಥವಾ 'ಬರಹ' ತಂತ್ರಾಂಶದ ಹಳೆಯ ಫಾಂಟಿಗೆ ಪರಿವರ್ತನೆ ಮಾಡಬೇಕು. ಆ ದಾರಿಯಲ್ಲಿ ಅರ್ಕಾವತ್ತು ಜಾಗ ತಪ್ಪುತ್ತದೆ, ಒತ್ತಕ್ಷರ ಕಳಚುತ್ತದೆ. ಇನ್‌ಡಿಸೈನ್ ಇದ್ದರೆ ಯುನಿಕೋಡ್ ನೇರ ಹಾಕಬಹುದು. ಆದರೆ ಅದರಲ್ಲಿ 'ವರ್ಲ್ಡ್-ರೆಡಿ ಕಂಪೋಸರ್' ಎಂಬ ಆಯ್ಕೆ ಒತ್ತದಿದ್ದರೆ "ಕ್ರ", "ಸ್ತ್ರೀ" ಎಲ್ಲ ಬಿಡಿಬಿಡಿಯಾಗಿ ಬೀಳುತ್ತವೆ. ಇಡೀ ಸಂಚಿಕೆ ಕಳಿಸುವ ಮುಂಚೆ ಒಂದು ಪುಟ ಕಳಿಸಿ ಪ್ರಿಂಟ್ ತೆಗೆಸಿ ನೋಡಿ. "ರಾಜ್‌ಕಿರಣ್", "ಮೆಲ್‌ವಿನ್", "ಅಶ್‌ರಫ್" ಮುಂತಾದ ಹೆಸರುಗಳು ಆ ಪುಟದಲ್ಲಿರಲಿ, ಮೊದಲು ಅಂಟಿಕೊಂಡು ಕೂರುವುದು ಅವೇ.

ಟೈಪಿಂಗ್ ಕಲಿಯುವವರು ಕಂಪ್ಯೂಟರಿನಲ್ಲಿ ನುಡಿ ಕೀಲಿಮಣೆಯನ್ನೇ ಕಲಿಯಿರಿ, ಎರಡು ವಾರ ಸಾಕು. k ಒತ್ತಿದರೆ ಕ, ಶಿಫ್ಟ್ ಜೊತೆ ಒತ್ತಿದರೆ ಖ ಎನ್ನುವ ಆ ಜೋಡಣೆಗೆ ಮೂಲ ಹಾಕಿದ ಕೆ. ಪಿ. ರಾವ್ ನಮ್ಮ ಮಂಗಳೂರು ಹತ್ತಿರದ ಕಿನ್ನಿಕಂಬಳದವರು. ಊರಿನವರು ಮಾಡಿದ್ದನ್ನು ನಾವು ಕಲಿಯದಿದ್ದರೆ ಹೇಗೆ!

ಫೋಟೋ ಫೋನಿನಲ್ಲಿ ಚಂದ ಕಾಣುತ್ತದೆ, ಅಚ್ಚಿನಲ್ಲಿ ಮಸುಕು. ಯಾಕೆ?

ವಾಟ್ಸಾಪ್. ಫೋಟೋ ಎಂದು ಕಳಿಸಿದರೆ ಅದು ಕುಗ್ಗಿಸಿ ಕಳಿಸುತ್ತದೆ. 'ಡಾಕ್ಯುಮೆಂಟ್' ಎಂದು ಕಳಿಸಿ, ಇಲ್ಲವೇ ಪೆನ್‌ಡ್ರೈವ್‌ನಲ್ಲಿ ತನ್ನಿ. ಅಚ್ಚಿಗೆ ಇಂಚಿಗೆ 300 ಚುಕ್ಕಿ ಬೇಕು. ಎ4 ಪುಟ ಪೂರ್ತಿ ತುಂಬುವ ಚಿತ್ರ 2480 × 3508 ಪಿಕ್ಸೆಲ್ ಇರಬೇಕಾಗುತ್ತದೆ. ಸ್ಟೇಜಿನ ನೇರಳೆ ಎಲ್‌ಇಡಿ ಬೆಳಕಿನಲ್ಲಿ ತೆಗೆದ ನೃತ್ಯದ ಫೋಟೋಗಳು ಅಚ್ಚಿನ ನಾಲ್ಕು ಬಣ್ಣಕ್ಕೆ ಇಳಿದಾಗ ಸಪ್ಪೆಯಾಗುತ್ತವೆ, ಅದಕ್ಕೆ ಮದ್ದಿಲ್ಲ. ಮೇಕಪ್ ಕೋಣೆಯ ಹೊರಗೆ ಹಗಲಿನಲ್ಲೇ ನಾಲ್ಕು ತೆಗೆದಿಟ್ಟುಕೊಳ್ಳಿ. ಯಕ್ಷಗಾನದ ವೇಷಕ್ಕಂತೂ ಖಂಡಿತ.

ತರಗತಿಯ ಗ್ರೂಪ್ ಫೋಟೋ ಮಳೆಗಾಲದಲ್ಲಿ ಬೇಡ. ಅಂಗಳದಲ್ಲಿ ಕೆಸರು, ಅರ್ಧ ಮಕ್ಕಳ ಯೂನಿಫಾರ್ಮ್ ಒಣಗಿರುವುದಿಲ್ಲ, ಬೆಳಿಗ್ಗೆ ಎಲ್ಲರೂ ಸಾಲಾಗಿ ನಿಂತಾಗಲೇ ಮಳೆಗೆ ರಜೆ ಎಂದು ಮೆಸೇಜ್ ಬರುತ್ತದೆ. ದಸರಾ ರಜೆ ಕಳೆದು ತೆಗೆಸಿ, ಬೆಳಿಗ್ಗೆ ಅಸೆಂಬ್ಲಿ ಬಿಟ್ಟ ಕೂಡಲೇ.

ಹೆಸರು ಬರೆಯುವುದಕ್ಕೆ ಇಷ್ಟು ಗಲಾಟೆ ಯಾಕೆ? ಹಾಜರಿ ಪುಸ್ತಕ ನೋಡಿ ಬರೆದರೆ ಆಗುವುದಿಲ್ಲವಾ?

ಆಗುವುದಿಲ್ಲ. ಹಾಜರಿ ಪುಸ್ತಕ ಇಂಗ್ಲಿಷಿನಲ್ಲಿ, ನಿಮ್ಮ ಪುಟ ಕನ್ನಡದಲ್ಲಿ. ಡಿಸೋಜ, ಡಿಸೋಜಾ, ಡಿ'ಸೋಜಾ, ಸಾಲ್ಯಾನ್, ಸಾಲಿಯಾನ್, ಮಹಮ್ಮದ್, ಮೊಹಮ್ಮದ್, ಮುಹಮ್ಮದ್. ಯಾವುದು ಸರಿ ಎಂದು ಹೇಳಬೇಕಾದವರು ಆ ಮನೆಯವರು ಮಾತ್ರ. ನಮ್ಮ ತರಗತಿಯಲ್ಲಿ ಪ್ರಜ್ವಲ್ ನಾಲ್ವರು, ಅದರಲ್ಲಿ ಇಬ್ಬರು ಪ್ರಜ್ವಲ್ ಶೆಟ್ಟಿ. ಇನಿಶಿಯಲ್ ಬಿಟ್ಟರೆ ಯಾರಿಗೆ ಬಹುಮಾನ ಬಂತೆಂದೇ ತಿಳಿಯುವುದಿಲ್ಲ.

ನಾವು ಕೊನೆಗೆ ಮಾಡಿದ್ದು ಇಷ್ಟು. ಒಂದು ಹಾಳೆಯನ್ನು ತರಗತಿಯಲ್ಲಿ ಕೈಯಿಂದ ಕೈಗೆ ದಾಟಿಸಿ, ಪ್ರತಿಯೊಬ್ಬರೂ ತಮ್ಮ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ತಾವೇ ಬರೆಯುವುದು. ಟೈಪ್ ಆದ ಮೇಲೆ ಅದೇ ಪಟ್ಟಿಯನ್ನು ತರಗತಿಯ ಬಾಗಿಲಿಗೆ ಮೂರು ದಿನ ಅಂಟಿಸುವುದು. ತಪ್ಪಿದ್ದರೆ ಕೆಂಪು ಪೆನ್ನಿನಲ್ಲಿ ತಿದ್ದಲಿ. ಗ್ರೂಪ್ ಫೋಟೋ ತೆಗೆದ ದಿನವೇ, ಸಾಲು ಒಡೆಯುವ ಮುಂಚೆ, ಎಡದಿಂದ ಬಲಕ್ಕೆ ಹೆಸರು ಬರೆದುಕೊಳ್ಳಿ. ನಾಳೆಗೆ ಇಟ್ಟರೆ ಏನಾಗುತ್ತದೆ ಎಂಬ ಕಥೆ ಕೊನೆಯ ಉತ್ತರದಲ್ಲಿದೆ.

ಹತ್ತನೆಯವರ ಬಗ್ಗೆ ಒಬ್ಬೊಬ್ಬರಿಗೆ ಒಂದೊಂದು ತಮಾಷೆ ಸಾಲು ಹಾಕಬಹುದಾ?

ಸಾಲು ಯಾರ ಬಗ್ಗೆಯೋ ಅವರಿಗೆ ಮೊದಲು ಓದಿ ಹೇಳಿ. ನಕ್ಕರೆ ಹಾಕಿ. "ಹಾಕಿ, ಪರವಾಗಿಲ್ಲ" ಎಂದರೆ ಹಾಕಬೇಡಿ. ಬಣ್ಣ, ದಪ್ಪ, ಜಾತಿ, ಮಾರ್ಕು, ಯಾರು ಯಾರ ಪಕ್ಕ ಕೂರುತ್ತಾರೆ, ಇದ್ಯಾವುದೂ ಬೇಡ.

ಎಲ್ಲರ ಫೋನ್ ನಂಬರ್, ವಿಳಾಸ ಹಾಕಿದರೆ ಮುಂದೆ ಉಪಯೋಗ ಆಗುವುದಿಲ್ಲವಾ?

ಹಳೆಯ ಸಂಚಿಕೆಗಳಲ್ಲಿ ವಿಳಾಸ ಇರುತ್ತಿತ್ತು. ಈಗ ಬೇಡ. ಸಂಚಿಕೆಯ ಪಿಡಿಎಫ್ ಒಂದೇ ರಾತ್ರಿಯಲ್ಲಿ ಎಲ್ಲ ಗ್ರೂಪುಗಳಿಗೂ ಹೋಗುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ 18 ತುಂಬದವರೆಲ್ಲ ಮಕ್ಕಳೇ, ಅವರ ವಿವರಕ್ಕೆ ಹೆತ್ತವರ ಒಪ್ಪಿಗೆ ಬೇಕು. ಫೋಟೋಕ್ಕೂ ವರ್ಷದ ಮೊದಲ ಪಾಲಕರ ಸಭೆಯಲ್ಲೇ ಸಹಿ ತೆಗೆದುಕೊಳ್ಳುವಂತೆ ಟೀಚರಿಗೆ ನೆನಪಿಸಿ. ಬೇಡ ಎಂದ ಮನೆಯವರಿದ್ದರೆ ಯಾಕೆ ಎಂದು ಕೇಳಬೇಡಿ.

ಜಾಹೀರಾತು ತರಲಿಕ್ಕೆ ನಾವು ಹೋಗಬೇಕಾ?

ಒಬ್ಬೊಬ್ಬರೇ ಖಂಡಿತ ಹೋಗಬೇಡಿ. ಅದು ಪಾಲಕರ ಸಂಘದ ಕೆಲಸ. ನೀವು ಮಾಡಬೇಕಾದದ್ದು, ಬಂದ ಜಾಹೀರಾತಿನ ಕಾಗುಣಿತ ನೋಡುವುದು. ಕಾಸು ಕೊಟ್ಟವರ ಅಂಗಡಿಯ ಹೆಸರೇ ತಪ್ಪಾದರೆ ಮುಂದಿನ ವರ್ಷ ಅವರು ಬಾಗಿಲಲ್ಲೇ ಕೈಮುಗಿಯುತ್ತಾರೆ.

ಪುಟ 82 ಆಯಿತು. ಪ್ರೆಸ್ಸಿನವರು ಎರಡು ತೆಗೆಯಿರಿ ಅಥವಾ ಹದಿನಾಲ್ಕು ಸೇರಿಸಿ ಎನ್ನುತ್ತಾರೆ. ಇದೆಂಥ ಲೆಕ್ಕ?

ಅವರು ಹೇಳುವುದು ಸರಿ. ದೊಡ್ಡ ಹಾಳೆಯ ಎರಡೂ ಬದಿಗೆ ಅಚ್ಚು ಹಾಕಿ ಮಡಚಿದರೆ ಒಂದು ಫಾರ್ಮ್, ಸಾಮಾನ್ಯವಾಗಿ 16 ಪುಟ. 80 ಪುಟ ಎಂದರೆ ಐದು ಫಾರ್ಮ್. 82 ಎಂದರೆ ಆರನೆಯ ಫಾರ್ಮಿನಲ್ಲಿ ಎರಡೇ ಪುಟ, ಉಳಿದ ಹದಿನಾಲ್ಕು ಖಾಲಿ. ಅರ್ಧ ಫಾರ್ಮ್, ಕಾಲು ಫಾರ್ಮ್ ಮಾಡಿಕೊಡುವವರೂ ಇದ್ದಾರೆ, ಖರ್ಚು ಕೇಳಿ. ಕವರ್ ಇದರಲ್ಲಿ ಸೇರುವುದಿಲ್ಲ, ಅದರ ನಾಲ್ಕು ಪುಟ ಬೇರೆ. ಹೇಗಾದರೂ ಒಟ್ಟು ನಾಲ್ಕರಿಂದ ಭಾಗವಾಗಲೇಬೇಕು.

ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಪುಟ ಸಂಖ್ಯೆ ಹಾಕಿ ಡಮ್ಮಿ ಮಾಡಿಕೊಳ್ಳಿ. ಯಾವ ಪುಟದಲ್ಲಿ ಏನು ಎಂದು ಪೆನ್ಸಿಲಿನಲ್ಲಿ ಬರೆಯಿರಿ, ಪೆನ್ನಿನಲ್ಲಿ ಅಲ್ಲ. ಬರಹಕ್ಕೆ 80 ಜಿಎಸ್‌ಎಂ (ಚದರ ಮೀಟರಿಗೆ ಇಷ್ಟು ಗ್ರಾಂ ಎಂಬ ಕಾಗದದ ತೂಕ) ಮ್ಯಾಪ್‌ಲಿಥೋ, ಬಣ್ಣದ ಪುಟಕ್ಕೆ 130 ಜಿಎಸ್‌ಎಂ ಆರ್ಟ್ ಪೇಪರ್, ಕವರಿಗೆ 250 ಅಥವಾ 300ರ ಆರ್ಟ್ ಕಾರ್ಡ್, ನಾವು ತೆಗೆದುಕೊಂಡದ್ದು ಇದು. ಪುಟದಂಚಿನ ತನಕ ಹೋಗುವ ಚಿತ್ರವನ್ನು ಮೂರು ಮಿಲಿಮೀಟರ್ ಹೊರಗೆ ಚಾಚಿಡಿ, ಇಲ್ಲದಿದ್ದರೆ ಕಟಿಂಗ್‌ನಲ್ಲಿ ಬಿಳಿ ಗೆರೆ ಉಳಿಯುತ್ತದೆ. ಕಟಿಂಗ್ ಮೆಷಿನ್ ಹತ್ತಿರ ಕೈ ಇಡಬೇಡಿ, ದೂರದಿಂದ ನೋಡಿ. ಆದರೆ ನೋಡಲಿಕ್ಕೆ ಒಂದು ಸಲ ಹೋಗಿ.

ನನ್ನ ಲೇಖನವನ್ನು ಟೀಚರ್ ಅರ್ಧ ಕತ್ತರಿಸಿದ್ದಾರೆ. ಏನು ಹೇಳುವುದು?

ನನ್ನದನ್ನೂ ಕತ್ತರಿಸಿದ್ದರು. ಬಸ್ಸಿನ ಪಾಸಿನ ಬಗ್ಗೆ ಬರೆದದ್ದು, ಕೊನೆಯ ಎರಡು ಪ್ಯಾರಾ ಹೋಯಿತು, ನಾಲ್ಕು ದಿನ ಮಾತು ಬಿಟ್ಟೆ. ಈಗ ಓದಿದರೆ ಒಂದು ಪ್ಯಾರಾ ಹೋದದ್ದು ಒಳ್ಳೆಯದೇ ಆಯಿತು, ಇನ್ನೊಂದು ಇರಬೇಕಿತ್ತು. ಯಾಕೆ ತೆಗೆದರು ಎಂದು ಕೇಳುವ ಹಕ್ಕು ನಿಮಗುಂಟು. ಜಾಗ ಸಾಲದೆಯೋ, ತಪ್ಪು ಮಾಹಿತಿಯೋ, ಯಾರಿಗಾದರೂ ಬೇಸರವಾಗುತ್ತದೆಂದೋ? ಮೂರಕ್ಕೂ ಉತ್ತರ ಬೇರೆ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಕೇಳಬೇಡಿ, ಸಂಜೆ ಬೆಲ್ ಆದ ಮೇಲೆ ಕೇಳಿ.

ಈ ವರ್ಷ ನಮ್ಮ ಜೊತೆಗಿದ್ದ ಒಬ್ಬ ತೀರಿಕೊಂಡ. ಹೇಗೆ ಬರೆಯುವುದು?

ಟೀಚರ್ ಮೂಲಕ ಮನೆಯವರನ್ನು ಕೇಳಿ. ಫೋಟೋ ಯಾವುದು ಎಂದು ಅವರೇ ಆರಿಸಲಿ. ಹೇಗೆ ತೀರಿಕೊಂಡ ಎಂಬುದು ಬೇಡ. ಹೆಸರು, ತರಗತಿ, ಅವನು ಇಷ್ಟಪಡುತ್ತಿದ್ದ ಒಂದೆರಡು ಸಂಗತಿ ಸಾಕು. ತರಗತಿಯ ಪಟ್ಟಿಯಿಂದ ಅವನ ಹೆಸರನ್ನು ತೆಗೆಯಬೇಡಿ.

ಇದರಿಂದ ಮಾರ್ಕು ಸಿಗುತ್ತದಾ?

ಇಲ್ಲ. ಕನ್ನಡ ಪರೀಕ್ಷೆಯಲ್ಲಿ ಶ, ಷ, ಸ ತಪ್ಪುವುದು ಕಡಿಮೆಯಾಗುತ್ತದೆ. ಹತ್ತನೆಯವರು ಜನವರಿಯ ಮೇಲೆ ಕೆಲಸವನ್ನು ಒಂಬತ್ತನೆಯವರಿಗೆ ಒಪ್ಪಿಸಿ ಓದಲಿಕ್ಕೆ ಕೂರಿ.

ಅಚ್ಚಾಗಿ ಬಂದ ಮೇಲೆ ತಪ್ಪು ಕಂಡರೆ?

ಕಾಣುತ್ತದೆ. ಹತ್ತು ಸಲ ಓದಿದರೂ ಕಟ್ಟು ಬಿಚ್ಚಿ ತೆರೆದ ಮೊದಲ ಪುಟದಲ್ಲೇ ಒಂದು ಕಾಣುತ್ತದೆ. ಚಿಕ್ಕ ಅಕ್ಷರ ತಪ್ಪಾದರೆ ಸುಮ್ಮನಿರಿ. ಹೆಸರಿನದ್ದಾದರೆ ತಿದ್ದುಪಡಿ ಚೀಟಿ ಅಂಟಿಸಲೇಬೇಕು.

ನಾನು ಎಂಟನೆಯಲ್ಲಿದ್ದಾಗ ಆರನೇ ತರಗತಿಯ ಗ್ರೂಪ್ ಫೋಟೋದ ಹೆಸರು ಬರೆಯುವ ಕೆಲಸ ನನ್ನದು. ಫೋಟೋ ತೆಗೆದ ದಿನ ಬರೆದುಕೊಳ್ಳಲಿಲ್ಲ, ಮರುದಿನ ಪ್ರಿಂಟ್ ಹಿಡಿದು ಲೀಡರ್ ಹತ್ತಿರ ಕೇಳಿ ಬರೆದೆ. ಎರಡನೇ ಸಾಲಿನಲ್ಲಿ ಮೂರನೆಯ ಹುಡುಗನ ಹೆಸರು ಬಿಟ್ಟುಹೋಯಿತು. ಅವನ ಜಾಗಕ್ಕೆ ನಾಲ್ಕನೆಯವನ ಹೆಸರು, ನಾಲ್ಕನೆಯವನಿಗೆ ಐದನೆಯವಳದ್ದು, ಹೀಗೆ ಸಾಲಿನ ಕೊನೆಯ ತನಕ ಒಂದೊಂದು ಸರಿದು ಹನ್ನೊಂದು ಮಕ್ಕಳಿಗೆ ಬೇರೆಯವರ ಹೆಸರು. ಪ್ರೂಫ್ ನೋಡಿದವರಿಗೆ ಕಾಗುಣಿತ ಎಲ್ಲ ಸರಿಯಾಗಿಯೇ ಕಂಡಿತು, ಮುಖ ಎಣಿಸಿ ನೋಡಿದವರು ಯಾರೂ ಇಲ್ಲ.

ಸರಿಯಾದ ಹೆಸರುಗಳ ಚೀಟಿ ಜೆರಾಕ್ಸ್ ಮಾಡಿಸಿ 600 ಪ್ರತಿಗೂ ಅಂಟಿಸಿದೆವು, ಎರಡು ಶನಿವಾರ ಹಿಡಿಯಿತು. ಎರಡನೆಯ ಶನಿವಾರ ಆ ಹುಡುಗನೇ ಬಂದು ಕೂತು ಗಮ್ ಹಚ್ಚಿಕೊಟ್ಟ. ಹೆಚ್ಚು ಮಾತಾಡಲಿಲ್ಲ. ಅವನ ಪ್ರತಿಗೂ ಅಂಟಿಸುತ್ತೇನೆ ಎಂದು ಕೇಳಿದರೆ ಬೇಡ ಎಂದ. ತೆರೆದು ತೋರಿಸಿದ: ಎರಡನೇ ಸಾಲು, ಮೂರನೆಯ ಜಾಗದಲ್ಲಿ ಬಾಣದ ಗುರುತು ಹಾಕಿ, ನೀಲಿ ಬಾಲ್‌ಪೆನ್ನಿನಲ್ಲಿ, ಅಪ್ಪನ ಇನಿಶಿಯಲ್ ಸಮೇತ ತಾನೇ ಬರೆದುಕೊಂಡಿದ್ದ.